ಸಕ್ಕರೆ ಕಾಯಿಲೆ ಇದ್ದವರು ಹೆಜ್ಜೆ ಕಲಿಯುವುದು ಹೇಗೆ

ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದಾಗ ನನಗೆ 42 ವರ್ಷ. ಆಮೇಲೆ ಏಳು ವರ್ಷ ಅದನ್ನು ನೋಡಿಕೊಂಡವರು ಬೇರೆಯವರು. ಮಾತ್ರೆ ತೆಗೆದಿಡುತ್ತಿದ್ದದ್ದು ಹೆಂಡತಿ, ರಿಪೋರ್ಟ್ ಓದುತ್ತಿದ್ದದ್ದು ಮಗಳು, ಬೈಯುತ್ತಿದ್ದದ್ದು ಡಾಕ್ಟ್ರು. ಬೈಸಿಕೊಂಡ ವಾರ ವಾಕಿಂಗ್ ಹೋಗುತ್ತಿದ್ದೆ. ನನ್ನ ಹೆದರಿಕೆ ಹತ್ತು ದಿನ ದಾಟಿದ್ದೇ ಇಲ್ಲ.

49ಕ್ಕೆ ಕುಂದಾಪುರದಲ್ಲಿ ಯಕ್ಷಗಾನದ ಹೆಜ್ಜೆ ಕಲಿಯಲು ಸೇರಿದೆ. ರಾತ್ರಿಯಿಡೀ ಆಟ ನೋಡಿ ಬೆಳೆದವನು ನಾನು. ಒಂದು ಸಲವಾದರೂ ಬಣ್ಣ ಹಚ್ಚಿ ರಂಗಸ್ಥಳಕ್ಕೆ ಹೋಗಬೇಕು ಅನ್ನುವ ಆಸೆ ಇತ್ತು. ಮೊದಲ ಭಾನುವಾರ ಏಕತಾಳದ ಹೆಜ್ಜೆ ಹಾಕಿ ಹತ್ತು ನಿಮಿಷಕ್ಕೆ ಗೋಡೆ ಹಿಡಿದು ನಿಂತೆ. ಆವತ್ತು ಮನೆಗೆ ಬಂದು ಹಳೆಯ ರಿಪೋರ್ಟುಗಳನ್ನೆಲ್ಲ ನಾನೇ ತೆಗೆದು, ದಿನಾಂಕದ ಪ್ರಕಾರ ಜೋಡಿಸಿದೆ. ಏಳು ವರ್ಷದಲ್ಲಿ ಅದೇ ಮೊದಲು.

ಹಾಗಾಗಿ ಮೊದಲು ಕಲಿಯಲು ಏನಾದರೂ ಹುಡುಕಿಕೊಳ್ಳಿ. ಮೈಯನ್ನು ದುಡಿಸುವಂಥದ್ದಾಗಿರಲಿ. ಚಂಡೆ, ಈಜು, ಕುಣಿತ ಭಜನೆ, ಯಾವುದಾದರೂ ಸರಿ. ‘ಸಕ್ಕರೆ ಇಳಿಸಬೇಕು’ ಅನ್ನುವುದು ನನಗೆ ಯಾವತ್ತೂ ಡಾಕ್ಟ್ರು ಹೇಳಿದ ಕೆಲಸವಾಗಿಯೇ ಉಳಿದಿತ್ತು. ‘ಈ ಹೆಜ್ಜೆ ನನಗೆ ಬರಬೇಕು’ ಅನ್ನುವುದು ನನ್ನದೇ. ಬಿ.ಎಡ್. ಓದುವ ಮಗಳು ಇದನ್ನು ಕೇಳಿ ಅಬ್ರಹಾಂ ಮಾಸ್ಲೊ ಅನ್ನುವ ಮನಶ್ಶಾಸ್ತ್ರಜ್ಞರ ಮಾತು ತಿಳಿಸಿದಳು. ಕೊರತೆ ನೀಗಿಸುವ ಪ್ರೇರಣೆ ಕೊರತೆ ನೀಗಿದರೆ ತಣ್ಣಗಾಗುತ್ತದಂತೆ. ಬೆಳೆಯುವ ಪ್ರೇರಣೆ ಬೆಳೆದಷ್ಟೂ ಜಾಸ್ತಿಯಾಗುತ್ತದಂತೆ. ನನ್ನ ಮಟ್ಟಿಗೆ ನಿಜ. ಏಕತಾಳ ಕೈಗೆ ಬರುವಷ್ಟರಲ್ಲಿ ಮುಂದಿನ ಝಂಪೆ ತಾಳದ ಚಿಂತೆ ಶುರುವಾಗಿತ್ತು.

ಇನ್ನು ಡಾಕ್ಟ್ರ ಹತ್ತಿರ ಹೋಗಿ. ಆದರೆ ಪ್ರಶ್ನೆ ಬದಲಾಯಿಸಿಕೊಂಡು ಹೋಗಿ. ‘ಸಕ್ಕರೆ ಎಷ್ಟಿದೆ?’ ಅಂತ ಕೇಳಿ ಬರುತ್ತಿದ್ದ ನಾನು ಆ ಸಲ, ‘ವಾರಕ್ಕೆ ಒಂದೂವರೆ ಗಂಟೆ ಕುಣಿಯಬೇಕು, ಏನು ನೋಡಿಕೊಳ್ಳಲಿ?’ ಅಂದೆ. ಅವರು ಚಪ್ಪಲಿ ತೆಗೆಸಿ, ಕಣ್ಣು ಮುಚ್ಚಿಸಿ, ಗಾಳದ ದಾರದಂಥ ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತುತ್ತಾ ಹೋದರು. ‘ತಾಗಿತಾ?’ ‘ಹೌದು.’ ‘ಈಗ?’ ‘ಹೌದು.’ ಆಮೇಲೆ ಸುಮ್ಮನಾದರು. ಕಣ್ಣು ಬಿಟ್ಟು ನೋಡಿದರೆ ಎಳೆ ನನ್ನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಬಾಗಿ ನಿಂತಿದೆ. ನನಗೆ ಏನೂ ಗೊತ್ತಾಗಿರಲಿಲ್ಲ.

ಸಕ್ಕರೆ ಬಹಳ ಕಾಲ ಜಾಸ್ತಿ ಇದ್ದರೆ ಪಾದದ ನರ ಹೀಗೆ ಜಡವಾಗಬಹುದು. ಗಾಯವಾದರೂ ನೋವಿಲ್ಲ, ನೋವಿಲ್ಲದ್ದಕ್ಕೆ ಗಮನವಿಲ್ಲ. ಬರಿಗಾಲಿನ ಅಭ್ಯಾಸ ಸದ್ಯಕ್ಕೆ ಬೇಡ ಅಂದರು. ಗುರುಗಳಿಗೆ ಹೇಳಿದೆ. ‘ಕ್ಯಾನ್ವಾಸ್ ಶೂ ಹಾಕ್ಕೊಂಡೇ ಕಲೀರಿ ಮಾರಾಯ್ರೆ, ತಾಳ ತಪ್ಪದಿದ್ರೆ ಸಾಕು’ ಅಂದರು. ಕಾಯಿಲೆ ಮುಚ್ಚಿಟ್ಟುಕೊಂಡು ಕಲಿಯಬೇಡಿ. ಹೇಳಿದರೆ ದಾರಿ ಸಿಗುತ್ತದೆ.

ದಿನಾ ರಾತ್ರಿ ಪಾದ ನೋಡಿಕೊಳ್ಳಿ. ಅಡಿಭಾಗಕ್ಕೆ ಕನ್ನಡಿ ಹಿಡಿಯಿರಿ. ಬೆರಳುಸಂದು ಒರೆಸಿ. ಎರಡು ನಿಮಿಷದ ಕೆಲಸ.

ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮೈ ದಣಿದಾಗ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಗುವುದು, ಬೆವರು, ಕಣ್ಣು ಮಂಜು. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ನನ್ನ ಚೀಲದಲ್ಲಿ ಸಕ್ಕರೆ ಪೊಟ್ಟಣ ಯಾವಾಗಲೂ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಣಿಯಲೇಬೇಡಿ. ಮಾತ್ರೆಯನ್ನು ನೀವೇ ಬಿಡಲೂಬೇಡಿ.

ಊಟದ ವಿಷಯದಲ್ಲಿ ಯಾರ ಮಾತಿಗಿಂತ ಗ್ಲುಕೋಮೀಟರ್ ನನಗೆ ಹೆಚ್ಚು ಕಲಿಸಿತು. ಕುಚ್ಚಲಕ್ಕಿ ಅನ್ನ ಎಷ್ಟು ಉಂಡರೂ ಪರವಾಗಿಲ್ಲ ಅಂತ ನಂಬಿದ್ದೆ. ಒಂದು ಭಾನುವಾರ ಹೊಟ್ಟೆ ತುಂಬಾ ಉಂಡು ಎರಡು ಗಂಟೆ ಬಿಟ್ಟು ನೋಡಿದೆ, 248. ಮುಂದಿನ ಭಾನುವಾರ ಅನ್ನ ಅರ್ಧ ಮಾಡಿ, ಬಸಳೆ ಮತ್ತು ಹೆಸರುಕಾಳು ಜಾಸ್ತಿ ಮಾಡಿದೆ, 171. ಎರಡನ್ನೂ ತಾಳದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಆ ದಿನದಿಂದ ಅನ್ನದ ಪಾತ್ರೆಯನ್ನು ಹೆಂಡತಿ ನನ್ನಿಂದ ದೂರ ಇಡಬೇಕಾಗಿ ಬಂದಿಲ್ಲ. ನೀವೂ ನಿಮ್ಮ ತಟ್ಟೆಯನ್ನೇ ಹೀಗೆ ಪರೀಕ್ಷೆ ಮಾಡಿ ನೋಡಿ.

ಕೆಲವು ವಾರ ತಪ್ಪುತ್ತದೆ. ಮಳೆಗಾಲದಲ್ಲಿ ಒಂದು ತಿಂಗಳು ಜ್ವರ, ಮದುವೆಮನೆ ಅಂತ ನನ್ನದೂ ತಪ್ಪಿತು. ತಪ್ಪಿದ ದಿನಗಳ ಲೆಕ್ಕ ಹಾಕುತ್ತಾ ಕೂರಬೇಡಿ. ಬಿಟ್ಟ ಹೆಜ್ಜೆಯಿಂದ ಎತ್ತಿಕೊಳ್ಳಿ, ಅಷ್ಟೇ.

ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂದು ವರ್ಷದಲ್ಲಿ 9.2ರಿಂದ 7ಕ್ಕೆ ಬಂತು. ಡಾಕ್ಟ್ರು ನಡುವೆ ಮಾತ್ರೆಯನ್ನೂ ಬದಲಾಯಿಸಿದ್ದರು, ಪೂರ್ತಿ ಕುಣಿತದ್ದೇ ಫಲ ಅನ್ನಲಾರೆ. ಆದರೆ ಆ ಬದಲಾವಣೆ ಕೇಳಲು ಹೋದವನು ನಾನೇ.

ಈ ವರ್ಷ ನಮ್ಮ ಹವ್ಯಾಸಿ ತಂಡದ ಆಟದಲ್ಲಿ ನನಗೊಂದು ಚಿಕ್ಕ ವೇಷ ಸಿಕ್ಕಿತು. ಇಪ್ಪತ್ತು ನಿಮಿಷದ್ದು. ಅಷ್ಟು ಹೊತ್ತು ಬರಿಗಾಲಲ್ಲಿ ಇರಲು ಡಾಕ್ಟ್ರು ಒಪ್ಪಿದ್ದರು. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಮುಗಿದ ಮೇಲೆ, ಮುಖ ನೋಡಿಕೊಂಡ ಅದೇ ಕನ್ನಡಿಯನ್ನು ಪಾದದ ಕೆಳಗೆ ಹಿಡಿದೆ. ಎಡಗಾಲು, ಬಲಗಾಲು, ಹೆಬ್ಬೆರಳಿನ ಬುಡ. ಗಾಯ ಇರಲಿಲ್ಲ. ಆಮೇಲೆ ಗೆಜ್ಜೆ ಕಟ್ಟಿಕೊಂಡೆ.