ಮಾರ್ಕ್ಸ್ ಸಾಧಾರಣ ಇದ್ದರೂ ನನಗೆ ಕೆಲಸ ಸಿಕ್ಕಿದ್ದು ಹೀಗೆ

ಫೇಲೂ ಅಲ್ಲ, ಡಿಸ್ಟಿಂಕ್ಷನ್ನೂ ಅಲ್ಲ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ನಲ್ಲಿ ನನ್ನ ಮಾರ್ಕ್ಸ್ ಇದ್ದದ್ದು ಅಷ್ಟೇ. ದೊಡ್ಡ ಕಂಪನಿಗಳಿಂದ ಪರೀಕ್ಷೆಗೂ ಕರೆ ಬರುತ್ತಿರಲಿಲ್ಲ. ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ಅರ್ಜಿಗಳು ರಾಶಿ ಬಿದ್ದಾಗ ಒಂದು ಜರಡಿ ಬೇಕೇ ಬೇಕು, ಕೈಗೆ ಸುಲಭವಾಗಿ ಸಿಗುವುದು ಮಾರ್ಕ್ಸ್.

ಹಾಗಾಗಿ ನನ್ನ ರೆಸ್ಯೂಮೆಯನ್ನು ನೇರವಾಗಿ ಎಂಜಿನಿಯರೇ ಓದುವಂಥ ಸಣ್ಣ ಕಂಪನಿಗಳನ್ನು ಹುಡುಕಿದೆ. ಸೀನಿಯರ್‌ಗಳಿಗೆ 'ಕೆಲಸ ಇದ್ರೆ ಹೇಳಿ' ಅಂತ ಮೆಸೇಜ್ ಹಾಕಲಿಲ್ಲ. ಅದಕ್ಕೆ ಯಾರೂ ಉತ್ತರ ಕೊಡಲ್ಲ. 'ನಿಮ್ಮಲ್ಲಿ ಯಾವ ಮೈಕ್ರೋಕಂಟ್ರೋಲರ್ (ಉಪಕರಣವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಬಳಸುತ್ತೀರಿ, ಹೊಸಬರಿಗೆ ಮೊದಲು ಏನು ಕೆಲಸ ಕೊಡುತ್ತಾರೆ?' ಅಂತ ಕೇಳಿದರೆ ಜನ ಖುಷಿಯಿಂದ ಹೇಳುತ್ತಾರೆ.

ರೆಸ್ಯೂಮೆಯಲ್ಲಿ ಡಿಗ್ರಿ, ಮಾರ್ಕ್ಸ್ ಎರಡನ್ನೂ ಕೊನೆಗೆ ತಳ್ಳಿದೆ. ಮೇಲೆ ಒಂದೇ ಪ್ರಾಜೆಕ್ಟ್: ತಾಪಮಾನ, ತೇವಾಂಶ ಅಳೆದು ಮೆಮೊರಿ ಕಾರ್ಡ್‌ಗೆ ಬರೆಯುವ ಡೇಟಾ ಲಾಗರ್. ಕೋಡ್, ಪ್ರೋಗ್ರಾಂ ಹಂಚುವ ಜಾಲತಾಣವಾದ ಗಿಟ್‌ಹಬ್‌ನಲ್ಲಿತ್ತು, ಜೊತೆಗೆ ಸರ್ಕ್ಯೂಟ್ ಚಿತ್ರ. ಏನೇನು ಕೈಕೊಟ್ಟಿತು ಅನ್ನುವುದನ್ನೂ ಬರೆದಿಟ್ಟಿದ್ದೆ. ನನಗೆ ಕೆಲಸ ಕೊಡಿಸಿದ್ದು ಆ ಕೊನೆಯ ಭಾಗವೇ.

ಇಂಟರ್ವ್ಯೂನಲ್ಲಿ ಬಂದ ಪ್ರಶ್ನೆ: 'ಸೆನ್ಸರ್ ತಂತಿ ಉದ್ದ ಮಾಡಿದ್ರೆ ಏನಾಗುತ್ತೆ?' ಇದನ್ನು ಕಣ್ಣಾರೆ ಕಂಡಿದ್ದೆ. ಸೆನ್ಸರ್, ಮೈಕ್ರೋಕಂಟ್ರೋಲರ್ ಎರಡು ತಂತಿಗಳಲ್ಲಿ ಮಾತಾಡುವ ಐ2ಸಿ ಬಸ್‌ನಲ್ಲಿ ಚಿಪ್‌ಗಳು ಲೈನಿನ ವೋಲ್ಟೇಜನ್ನು ಕೆಳಗೆ ಎಳೆಯುತ್ತವೆ ಅಷ್ಟೇ, ಮೇಲಕ್ಕೆ ಏರಿಸುವುದು ಪುಲ್‌ಅಪ್ ರೆಸಿಸ್ಟರ್. ತಂತಿ ಉದ್ದವಾದಷ್ಟೂ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಟ್ಟುಕೊಳ್ಳುವ ಗುಣ) ಜಾಸ್ತಿ, ಸಿಗ್ನಲ್ ಏರುವುದು ನಿಧಾನ. ಸಿಗ್ನಲ್‌ನ ಆಕಾರ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ಚೌಕವಾಗಿರಬೇಕಾದ ಅಲೆಯ ಏರು ಅಂಚು ಬಾಗಿರುತ್ತದೆ. ನಾನು ಮೈಕ್ರೋಕಂಟ್ರೋಲರ್ ಒಳಗಿನ ದುರ್ಬಲ ಪುಲ್‌ಅಪ್ ಬಿಟ್ಟು ಹೊರಗೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದೆ, ವೇಗವನ್ನು 400 ಕಿಲೋಹರ್ಟ್ಸ್‌ನಿಂದ 100ಕ್ಕೆ ಇಳಿಸಿದ್ದೆ. ಆ ಬಾಗಿದ ಅಲೆಯನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಅಲ್ಲಿಂದ ಮಾತು ಬೋರ್ಡ್, ಬಗ್‌ಗಳ ಕಡೆಗೇ ಹೊರಳಿತು.

ಕಡೆಗೆ 'ಮಾರ್ಕ್ಸ್ ಯಾಕೆ ಕಮ್ಮಿ?' ಅಂತ ಕೇಳಿಯೇ ಕೇಳಿದರು. ಗಣಿತದ ಪೇಪರ್‌ಗಳಲ್ಲಿ ಹಿಂದೆ ಬಿದ್ದೆ, ಲ್ಯಾಬ್‌ಗಳಲ್ಲಿ ಚೆನ್ನಾಗಿ ಮಾಡಿದ್ದೇನೆ ಅಂತ ಎರಡು ವಾಕ್ಯದಲ್ಲಿ ಮುಗಿಸಿದೆ. ಇಲ್ಲಿ ಪುರಾಣ ಬೇಡ, ಕಾಲೇಜನ್ನು ದೂರುವುದಂತೂ ಬೇಡವೇ ಬೇಡ. ಅಂಕಗಳನ್ನು ಸುಳ್ಳು ಬರೆಯುವವರೂ ಇದ್ದಾರೆ. ಸೇರಿದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತದೆ.

ಸಿಕ್ಕಿದ್ದು ಟೆಸ್ಟ್ ಎಂಜಿನಿಯರ್ ಹುದ್ದೆ. ಸಂಬಳ ಸಾಧಾರಣ. ಡಿಸೈನ್‌ಗೆ ಹೋಗಬೇಕೆಂದಿರುವವರು ಟೆಸ್ಟಿಂಗ್ ಅಂದರೆ ಮೂಗು ಮುರಿಯುತ್ತಾರೆ, ಆದರೆ ಬೇರೆಯವರ ಬೋರ್ಡ್ ಎಲ್ಲಿ ಕೆಡುತ್ತದೆ ಅಂತ ದಿನವೂ ನೋಡುವ ಅವಕಾಶ ಇನ್ನೆಲ್ಲಿ ಸಿಗುತ್ತೆ? ಒಂದು ಎಚ್ಚರ ಮಾತ್ರ ಇರಲಿ. ಸುಮ್ನೆ ಬಟನ್ ಒತ್ತಿ ಪಾಸ್, ಫೇಲ್ ಬರೆಯುವ ಕೆಲಸವಾದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ನಾನು ಪೈಥಾನ್‌ನಲ್ಲಿ ಟೆಸ್ಟ್ ಸ್ಕ್ರಿಪ್ಟ್ ಬರೆಯಲು ಶುರು ಮಾಡಿದೆ. ಮುಂದೆ ಚಿಪ್‌ನೊಳಗೆ ಓಡುವ ಸಾಫ್ಟ್‌ವೇರ್ ಬರೆಯುವ ಫರ್ಮ್‌ವೇರ್ ತಂಡಕ್ಕೆ ದಾರಿಯಾದದ್ದು ಅದೇ.

ಎರಡನೇ ಕೆಲಸಕ್ಕೆ ಹೋದಾಗ ಮಾರ್ಕ್ಸ್ ಬಂದಿದ್ದು ಅರ್ಜಿ ಫಾರ್ಮ್‌ನಲ್ಲಿ ಮಾತ್ರ. ಮೇಲಿನ ಓದಿಗೋ ಸಂಶೋಧನೆಗೋ ಹೋಗುವವರ ಕಥೆ ಬೇರೆ, ಅಲ್ಲಿ ಅಂಕಪಟ್ಟಿಯನ್ನು ಮತ್ತೆ ನೋಡುತ್ತಾರೆ.