ಬಲದ ಲೆಕ್ಕ: ಯಾರು ತಳ್ಳಿದ್ದು, ಯಾರನ್ನ ತಳ್ಳಿದ್ದು?

ಸಂಜೆ ಹೊತ್ತು ನಾನು ಮೊದಲ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನ್ಯೂಟನ್ನನ ಮೂರು ನಿಯಮ ಕೇಳಿದರೆ ಎಲ್ಲರೂ ಗಡಗಡ ಒಪ್ಪಿಸುತ್ತಾರೆ. ಲೆಕ್ಕ ಕೊಟ್ಟರೆ ಮಾತ್ರ ಕಣ್ಣು ಸೂತ್ರ ಹುಡುಕುತ್ತದೆ. ಸೂತ್ರ ಆಮೇಲೆ ನೋಡೋಣ, ಮೊದಲು ಒಂದೊಂದು ಬಲಕ್ಕೂ ಒಂದೊಂದು ಬಾಣ ಎಳೆಯಿರಿ ಅನ್ನುತ್ತೇನೆ.

ಬಾಣಕ್ಕೂ ಒಂದು ಷರತ್ತಿದೆ. ಪ್ರತಿ ಬಾಣದ ಪಕ್ಕ ಎರಡು ಹೆಸರು ಬರೆಯಬೇಕು: ಬಲ ಹಾಕಿದ್ದು ಯಾರು, ಬಿದ್ದದ್ದು ಯಾರ ಮೇಲೆ. ಹಾಕಿದವರ ಹೆಸರು ಸಿಗಲಿಲ್ಲವೇ? ಬಾಣ ಅಳಿಸಿ.

ಬಸ್ಸು ಗಕ್ಕನೆ ಬ್ರೇಕ್ ಹಾಕಿತು, ನಿಂತಿದ್ದವರು ಮುಂದಕ್ಕೆ ವಾಲಿದರು. ಮಕ್ಕಳು ತಕ್ಷಣ ಮುಂದಕ್ಕೊಂದು ಬಾಣ ಎಳೆಯುತ್ತಾರೆ. ಸರಿ, ತಳ್ಳಿದ್ದು ಯಾರು? ಕಂಡಕ್ಟರಾ? ಯಾರೂ ಇಲ್ಲ. ರಸ್ತೆ ಬದಿಯಲ್ಲಿ ನಿಂತು ನೋಡಿ. ಮೈ ಮೊದಲಿನ ವೇಗದಲ್ಲೇ ಹೋಗುತ್ತಿದೆ, ಪಾದವನ್ನು ಮಾತ್ರ ಬಸ್ಸಿನ ನೆಲ ಘರ್ಷಣೆಯಿಂದ ಹಿಂದಕ್ಕೆ ಹಿಡಿಯಿತು. ಇರುವ ಬಾಣ ಹಿಂದಕ್ಕೆ, ಅದೂ ಕಾಲಿನ ಹತ್ತಿರ. ಹೊರಗಿನಿಂದ ಬಲ ಬೀಳದಿದ್ದರೆ ವಸ್ತು ಇದ್ದ ವೇಗದಲ್ಲೇ ಇರುತ್ತದೆ, ಮೊದಲನೇ ನಿಯಮ ಇಷ್ಟೇ.

ಮೇಲಕ್ಕೆ ಎಸೆದ ಚೆಂಡಿಗೂ ಹೀಗೇ ಮಾಡುತ್ತಾರೆ. ಚೆಂಡು ಹಾರುತ್ತಿರುವಾಗಲೂ ‘ಕೈಯ ಬಲ’ ಅಂತ ಬಾಣ! ಕೈ ಬಿಟ್ಟ ಮೇಲೆ ಕೈಗೂ ಚೆಂಡಿಗೂ ಸಂಬಂಧವಿಲ್ಲ. ಗಾಳಿಯನ್ನು ಬಿಟ್ಟರೆ ಉಳಿಯುವುದು ಭೂಮಿಯ ಎಳೆತ ಒಂದೇ. ತುತ್ತತುದಿಯಲ್ಲಿ ವೇಗ ಸೊನ್ನೆ, ವೇಗೋತ್ಕರ್ಷ (ವೇಗ ಬದಲಾಗುವ ದರ) ಮಾತ್ರ ಆಗಲೂ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ಕೆಳಮುಖ. ಭಾರದ ವಸ್ತು ಬೇಗ ಬೀಳಲ್ವಾ ಮಿಸ್ ಅನ್ನುವವರಿಗೆ 1971ರ ಅಪೋಲೋ 15ರ ವಿಡಿಯೋ ತೋರಿಸುತ್ತೇನೆ. ಗಾಳಿಯಿಲ್ಲದ ಚಂದ್ರನ ಮೇಲೆ ಗಗನಯಾತ್ರಿ ಡೇವಿಡ್ ಸ್ಕಾಟ್ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಡುತ್ತಾರೆ, ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ.

ಈಗ ಲೆಕ್ಕ ಮಾಡುವ ಕ್ರಮ. ಒಂದೇ ಒಂದು ವಸ್ತು ಆರಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಹಾಕಿ. ಮೊದಲು ಭೂಮಿಯ ಎಳೆತದ ಬಾಣ: ರಾಶಿಯನ್ನು (ವಸ್ತುವಿನಲ್ಲಿರುವ ದ್ರವ್ಯ, ಕೆಜಿಯಲ್ಲಿ) 9.8ರಿಂದ ಗುಣಿಸಿ. ಆಮೇಲೆ ಗೆರೆಯ ಮೇಲೆ ಬೆರಳಾಡಿಸಿ, ವಸ್ತುವಿಗೆ ಏನೇನು ತಾಗಿದೆ ನೋಡಿ. ಹಗ್ಗವೋ, ನೆಲವೋ, ಗೋಡೆಯೋ. ಆಯಸ್ಕಾಂತ, ವಿದ್ಯುತ್ತು ಇಲ್ಲದ ಲೆಕ್ಕದಲ್ಲಿ ತಾಗದೇ ಎಳೆಯುವುದು ಭೂಮಿ ಮಾತ್ರ. ಕೊನೆಗೆ, ವೇಗೋತ್ಕರ್ಷ ಯಾವ ಕಡೆಗೋ ಆ ಕಡೆಯನ್ನು ಪ್ಲಸ್ ಅಂತ ಇಟ್ಟುಕೊಂಡು ಬಾಣಗಳನ್ನು ಕೂಡಿಸಿ ಕಳೆಯಿರಿ. ಉಳಿದದ್ದು ರಾಶಿ ಗುಣಿಸು ವೇಗೋತ್ಕರ್ಷಕ್ಕೆ ಸಮ.

ಲಿಫ್ಟಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ತೂಕದ ಮಿಷನ್ ಒಯ್ಯಿರಿ, ಮುಳ್ಳಿನದ್ದಾದರೆ ಒಳ್ಳೆಯದು. ಡಿಜಿಟಲ್ ಮಿಷನ್‌ಗಳು ಎಷ್ಟೋ ಸಲ ಒಂದು ಅಂಕಿ ತೋರಿಸಿ ಅಲ್ಲೇ ನಿಂತುಬಿಡುತ್ತವೆ. ನಿಮ್ಮ ರಾಶಿ 60 ಕೆಜಿ ಅಂದುಕೊಳ್ಳಿ. ಭೂಮಿ ನಿಮ್ಮನ್ನು 588 ನ್ಯೂಟನ್ (ಬಲ ಅಳೆಯುವ ಮಾನ) ಬಲದಿಂದ ಎಳೆಯುತ್ತದೆ. ತಾಗಿರುವುದು ಮಿಷನ್ ಒಂದೇ. ಲಿಫ್ಟು ಮೇಲಕ್ಕೆ ಹೊರಡುವಾಗ ವೇಗೋತ್ಕರ್ಷ 1.2 ಇದ್ದರೆ ಜಾಸ್ತಿ ಬೇಕಾದ ಬಲ 60 ಗುಣಿಸು 1.2, ಅಂದರೆ 72. ಮಿಷನ್ ನಿಮ್ಮನ್ನು 660 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತಬೇಕು. ಮಿಷನ್ ಈ ಬಲವನ್ನು 9.8ರಿಂದ ಭಾಗಿಸಿದ ಅಂಕಿಯನ್ನು ತೋರಿಸುವುದರಿಂದ ಮುಳ್ಳು ಸುಮಾರು 67 ಕೆಜಿ ತೋರಿಸುತ್ತದೆ. ಲಿಫ್ಟು ಒಂದೇ ವೇಗಕ್ಕೆ ಬಂದ ಕೂಡಲೇ ಮತ್ತೆ 60. ಮೇಲಿನ ಮಹಡಿ ಹತ್ತಿರ ಬಂದು ಅಷ್ಟೇ ದರದಲ್ಲಿ ನಿಧಾನವಾಗುವಾಗ ಬಲ 516ಕ್ಕೆ ಇಳಿದು, ಮುಳ್ಳು 53ರ ಆಸುಪಾಸಿಗೆ ಬರುತ್ತದೆ.

ಮೂರನೇ ನಿಯಮದ ದೊಡ್ಡ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಒಂದು ವಸ್ತು ಇನ್ನೊಂದನ್ನು ತಳ್ಳಿದರೆ ಅದೂ ಇದನ್ನು ಅಷ್ಟೇ ಬಲದಿಂದ ಎದುರು ದಿಕ್ಕಿಗೆ ತಳ್ಳುತ್ತದೆ ಅನ್ನುವುದೇ ಆ ನಿಯಮ; ಈ ಎರಡು ಬಲವೇ ಜೋಡಿ. ನಿಮ್ಮ ತೂಕ (ಭೂಮಿಯ ಎಳೆತ), ನಿಮ್ಮನ್ನು ಮೇಲಕ್ಕೆ ಒತ್ತುವ ಬಲ, ಇವೆರಡು ಜೋಡಿ ಅಂತ ಬಹಳ ಮಂದಿ ಬರೆಯುತ್ತಾರೆ. ಜೋಡಿಯಾಗಿದ್ದರೆ ಯಾವಾಗಲೂ ಸಮ ಇರಬೇಕಿತ್ತಲ್ವಾ? ಲಿಫ್ಟಿನಲ್ಲಿ ಒಂದು 588, ಇನ್ನೊಂದು 660. ಜೋಡಿ ಬೇಕಿದ್ದರೆ ಹೆಸರು ಅದಲುಬದಲು ಮಾಡಿ. ಮಿಷನ್ ನಿಮ್ಮನ್ನು ಮೇಲಕ್ಕೆ 660, ನೀವು ಮಿಷನ್ನನ್ನು ಕೆಳಕ್ಕೆ 660. ಭೂಮಿ ನಿಮ್ಮನ್ನು ಕೆಳಕ್ಕೆ 588, ನೀವು ಭೂಮಿಯನ್ನು ಮೇಲಕ್ಕೆ 588. ಹೌದು, ನೀವೂ ಎಳೆಯುತ್ತೀರಿ. ಭೂಮಿಯ ರಾಶಿ ವಿಪರೀತ, ಅದಕ್ಕೇ ಅದು ಅಲುಗಿದ್ದು ಗೊತ್ತಾಗುವುದಿಲ್ಲ. ಜೋಡಿಯ ಎರಡು ಬಾಣ ಒಂದೇ ವಸ್ತುವಿನ ಮೇಲೆ ಬೀಳುವುದೇ ಇಲ್ಲ, ಹಾಗಾಗಿ ಅವು ಒಂದನ್ನೊಂದು ಹೊಡೆದು ಹಾಕುವ ಮಾತೇ ಇಲ್ಲ.

ಎತ್ತು ಗಾಡಿಯನ್ನು ಎಳೆದಷ್ಟೇ ಗಾಡಿಯೂ ಎತ್ತನ್ನು ಎಳೆದರೆ ಗಾಡಿ ಹೊರಡುವುದು ಹೇಗೆ ಅನ್ನುವ ಹಳೇ ಪ್ರಶ್ನೆಗೂ ಇದೇ ಉತ್ತರ. ಗಾಡಿಗೆ ಮಾತ್ರ ಗೆರೆ ಹಾಕಿ. ಸಾಮಾನು ಸೇರಿ 500 ಕೆಜಿ. ಎತ್ತುಗಳ ಎಳೆತ 400 ನ್ಯೂಟನ್, ಹಿಂದಕ್ಕೆ ಹಿಡಿಯುವ ಘರ್ಷಣೆ 300. ಉಳಿದದ್ದು 100, ವೇಗೋತ್ಕರ್ಷ 0.2. ಈಗ ಎತ್ತುಗಳಿಗೆ ಬೇರೆ ಗೆರೆ. ಎರಡೂ ಎತ್ತುಗಳ ರಾಶಿ ಒಟ್ಟು 800 ಕೆಜಿ ಅಂದರೆ, ಅದೇ 0.2ಕ್ಕೆ 160 ನ್ಯೂಟನ್ ಉಳಿಯಬೇಕು. ಗಾಡಿ ಹಿಂದಕ್ಕೆ 400 ಎಳೆಯುತ್ತಿದೆ. ಹಾಗಾಗಿ ನೆಲ ಗೊರಸುಗಳನ್ನು ಮುಂದಕ್ಕೆ 560 ತಳ್ಳಲೇಬೇಕು. ಕೆಸರಿನಲ್ಲಿ ಅಷ್ಟು ಘರ್ಷಣೆ ಸಿಗದೆ ಗೊರಸು ಜಾರುತ್ತದೆ.

ಇನ್ನೊಂದು ನೀವೇ ಮಾಡಿ ನೋಡಿ. ಗಾಡಿ ಓಡುತ್ತಿರುವಾಗ ಎತ್ತುಗಳು ಎಳೆತವನ್ನು 300ಕ್ಕೆ ಇಳಿಸಿದವು, ಘರ್ಷಣೆ ಅಷ್ಟೇ ಇದೆ. ಗಾಡಿ ಏನಾಗುತ್ತದೆ? ನಿಲ್ಲುತ್ತದೆ ಅಂತ ಬರೆದಿದ್ದರೆ ಬಾಣಗಳನ್ನು ಮತ್ತೆ ಕೂಡಿಸಿ. ಮೊತ್ತ ಸೊನ್ನೆ, ಆದ್ದರಿಂದ ಆ ಕ್ಷಣದಲ್ಲಿದ್ದ ವೇಗದಲ್ಲೇ ಅದು ಹೋಗುತ್ತಿರುತ್ತದೆ.