ಜಡಿಮಳೆಯಲ್ಲಿ ಕೆರೆ ಹಕ್ಕಿ ನೋಡುವವರಿಗೆ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬೆಂಗಳೂರಲ್ಲಿ ಎರಡು ಮೂರು ದಿನ ಮೋಡ, ಜಡಿಮಳೆ. ಹಾಗಂತ ಮನೆಯಲ್ಲೇ ಕೂರಬೇಡಿ. ಅಕ್ಟೋಬರ್, ನವೆಂಬರ್ ವಲಸೆ ಹಕ್ಕಿಗಳು ಬಂದಿಳಿಯುವ ಕಾಲ. ಮಳೆ ನಿಂತ ಮೊದಲ ಅರ್ಧ ಗಂಟೆಯನ್ನಂತೂ ಬಿಡಲೇಬೇಡಿ: ಬೇಲಿಯ ತುದಿಯಲ್ಲಿ ಕಂದು ಕಳಿಂಗ (ಬ್ರೌನ್ ಶ್ರೈಕ್) ಹಕ್ಕಿ ಗರಿ ಉಬ್ಬಿಸಿ ಒಣಗಿಸಿಕೊಳ್ಳುತ್ತಾ ಕೂತಿರುತ್ತದೆ, ಅಂಬರಗುಬ್ಬಿಗಳು ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತವೆ. ತಂಪು ಗಾಳಿಗೆ ಅವು ತಿನ್ನುವ ಹುಳುಗಳು ಮೇಲೇಳುವುದಿಲ್ಲ, ಅದಕ್ಕೇ.

ಮಬ್ಬು ಬೆಳಕಿಗೆ 8×42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಅಷ್ಟು ಮಿ.ಮೀ. ಅದೇ 10×25ರಲ್ಲಿ ಬರೀ 2.5, ಹಕ್ಕಿ ಕಪ್ಪು ನೆರಳಾಗಿ ಕಾಣುತ್ತದೆ. ಗಾಳಿಗೆ ಬೆನ್ನು ಮಾಡಿ ನಿಂತರೆ ಹನಿ ಗಾಜಿಗೆ ಬೀಳುವುದಿಲ್ಲ. ಬಿದ್ದರೆ ಅಂಗಿ ತುದಿಯಿಂದ ಒರೆಸಬೇಡಿ, ಮರಳಿನ ಕಣ ಗೀರು ಹಾಕುತ್ತದೆ. ಗಾಳಿ ಊದುವ ರಬ್ಬರ್ ಬ್ಲೋವರಿನಿಂದ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ.

ಮನೆಗೆ ಬಂದ ಕೂಡಲೇ ಒದ್ದೆ ಬೈನಾಕ್ಯುಲರನ್ನು ಚೀಲದೊಳಗೆ ಮುಚ್ಚಿಡುವುದೇ ದೊಡ್ಡ ತಪ್ಪು, ಗಾಜಿಗೆ ಬೂಸ್ಟು ಹಿಡಿಯುತ್ತದೆ. ರಾತ್ರಿಯಿಡೀ ಫ್ಯಾನ್ ಗಾಳಿಗೆ ಒಣಗಿಸಿ, ನಂತರ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಟಿಪ್ಪಣಿಗೆ ಪೆನ್ಸಿಲ್ ಒಯ್ಯಿರಿ. ಪೊದೆಯಲ್ಲಿ ಮುದುರಿ ಕೂತ ಹಕ್ಕಿಯನ್ನು ಫೋಟೋಗಾಗಿ ಎಬ್ಬಿಸಬೇಡಿ; ನೆನೆದ ಗರಿಯಲ್ಲಿ ಹಾರಿಸಿದರೆ ಅದಕ್ಕೆ ಇರುವ ಅಲ್ಪ ಶಕ್ತಿಯೂ ಹೋಗುತ್ತದೆ.